ಎಫ್‌ಸಿ ಕರೆಂಟ್ ಎಂದರೆ ಏನು?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಹೆಗ್ಗನಹಳ್ಳಿ ಕ್ರಾಸಿನಿಂದ ಒಳಕ್ಕೆ ನಡೆದರೆ, ಒಂದಲ್ಲ ಒಂದು ಕಾರಿನ ಹಿಂದಿನ ಗಾಜಿಗೆ ಬಿಳಿ ಹಾಳೆ ಅಂಟಿಸಿರುತ್ತದೆ. ಮಾರಾಟಕ್ಕಿದೆ, ಸಿಂಗಲ್ ಓನರ್, ಎಫ್‌ಸಿ ಕರೆಂಟ್, ಇನ್ಶೂರೆನ್ಸ್ ಕರೆಂಟ್, ಕೆಳಗೆ ಫೋನ್ ನಂಬರು. ನಿಂತು ಓದುವವರು ಬಹುಪಾಲು ನಮ್ಮ ಬೀದಿಯವರೇ. ಪೀಣ್ಯದಲ್ಲಿ ಸಿಎನ್‌ಸಿ ಮಷೀನು ನೋಡಿಕೊಳ್ಳುವ ಹುಡುಗರು, ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿರುವ ಹೆಣ್ಣುಮಕ್ಕಳು, ಬಾಡಿಗೆ ಶೆಡ್ಡಿನಲ್ಲಿ ಪೌಡರ್ ಕೋಟಿಂಗ್ ಮಾಡಿಸುವವರು. ಕುಣಿಗಲ್, ಮಾಗಡಿ, ತುರುವೇಕೆರೆ, ನಾಗಮಂಗಲ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಮನೆಗಳು. ಊರ ಹಬ್ಬಕ್ಕೆ ಬಸ್ಸಿನಲ್ಲಿ ಜೋತಾಡದೆ ಹೋಗಬೇಕು, ಮಂಡಿನೋವಿನ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅದಕ್ಕೊಂದು ಕಾರು. ಹೊಸದು ಕೈಗೆಟಕುವುದಿಲ್ಲ. ಚೀಟಿ ಎತ್ತಿ, ಒಡವೆ ಅಡವಿಟ್ಟು ಎರಡು ಮೂರು ಲಕ್ಷ ಹೊಂದಿಸುತ್ತಾರೆ. ಆ ದುಡ್ಡು ಮುಳುಗಿದರೆ ಆ ಮನೆ ಮತ್ತೆ ಮೇಲೇಳಲು ವರ್ಷಗಳು ಬೇಕು.

ಆ ಹಾಳೆಯ ಮೇಲಿನ ಮಾತುಗಳಲ್ಲಿ ನನಗೆ ತೊಡಕಾಗಿರುವುದು ಒಂದು: ಎಫ್‌ಸಿ ಕರೆಂಟ್. ಓದಿದವರು ಏನು ತಿಳಿಯುತ್ತಾರೆ? ಯಾರೋ ಅಧಿಕಾರಿ ಈ ಗಾಡಿಯನ್ನು ನಿಲ್ಲಿಸಿ, ಬ್ರೇಕು ತುಳಿದು, ಕೆಳಗೆ ಬಗ್ಗಿ ನೋಡಿ ಸರಿಯಿದೆ ಎಂದಿದ್ದಾರೆ ಎಂದು. ಬಿಳಿ ಬೋರ್ಡಿನ ಕಾರಿನ ಮಟ್ಟಿಗೆ ಹಾಗೆ ಯಾರೂ ನೋಡಿರುವುದಿಲ್ಲ.

ಮೋಟಾರು ವಾಹನ ಕಾಯ್ದೆ ಬಂದದ್ದು 1988ರಲ್ಲಿ, ಅದರ ಕೇಂದ್ರ ನಿಯಮಗಳು 1989ರಲ್ಲಿ. ಅವುಗಳ ಪ್ರಕಾರ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಕಡ್ಡಾಯವಾಗಿರುವುದು ಸಾರಿಗೆ ವಾಹನಗಳಿಗೆ, ಅಂದರೆ ಹಳದಿ ಬೋರ್ಡಿಗೆ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಟ್ಯಾಕ್ಸಿಯವರು ಗಾಡಿ ತಂದು ನಿಲ್ಲಿಸಬೇಕು. ಹಳಬರು ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರು ಅದನ್ನು ನೋಡಬೇಕು. ಮನೆ ಬಳಕೆಯ ಕಾರಿಗೆ ಹಾಗಲ್ಲ. ನೋಂದಣಿಯಾದ ದಿನದಿಂದ 15 ವರ್ಷ ಅದರ ಆರ್‌ಸಿಯೇ ಎಫ್‌ಸಿ. ಕಾರ್ಡಿನಲ್ಲಿ ಅಚ್ಚಾದ ತಾರೀಖು ನೋಂದಣಿ ತಾರೀಖಿಗೆ 15 ಕೂಡಿಸಿ ಬಂದದ್ದು, ತಪಾಸಣೆ ಮಾಡಿ ಬರೆದದ್ದಲ್ಲ. ಕಾರು ಮೂರು ಸಲ ಮಗುಚಿ ಬಿದ್ದಿದ್ದರೂ, ಕೆರೆಯಲ್ಲಿ ಒಂದು ರಾತ್ರಿ ನಿಂತಿದ್ದರೂ ಆ ತಾರೀಖು ಕದಲುವುದಿಲ್ಲ. ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಅಧಿಕೃತ ಡೀಲರು ಮಾರಿದ ಹೊಸ ಕಾರನ್ನು ನೋಂದಣಿಗೆಂದು ಆರ್‌ಟಿಒ ಕಚೇರಿಯ ಮುಂದೆ ತಂದು ತೋರಿಸುವ ಅಗತ್ಯವೂ ಇಲ್ಲವಾಯಿತು. ಹಾಗಾಗಿ ಇಂದು ರಸ್ತೆಗಿಳಿಯುವ ಕಾರನ್ನು ಸರ್ಕಾರದ ಕಣ್ಣು ಮೊದಲ ಸಲ ನೋಡುವುದು ಅದಕ್ಕೆ 15 ತುಂಬಿದಾಗ.

ನಮ್ಮ ಕಡೆ ಕೈ ಬದಲಾಗುವ ಕಾರುಗಳು ಸಾಮಾನ್ಯವಾಗಿ ಎಂಟರಿಂದ ಹದಿನಾಲ್ಕು ವರ್ಷದವು. ತಪಾಸಣೆ ಇಲ್ಲದ ಕಾಲದ ಕೊನೆಯ ಭಾಗ ಅದು, ಕಾರು ಹೆಚ್ಚು ಕೆಡುವ ಕಾಲವೂ ಅದೇ. ಹದಿನಾಲ್ಕರ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಕೈಹಾಕಿದವರಿಗೆ ಮರುವರ್ಷ ಲೆಕ್ಕ ತಿಳಿಯುತ್ತದೆ. 2022ರ ಏಪ್ರಿಲ್ 1ರಿಂದ, 15 ವರ್ಷದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಶುಲ್ಕವೇ ದೊಡ್ಡ ಹೊರೆಯಲ್ಲ. ತಪಾಸಣೆಯಲ್ಲಿ ಪಾಸಾಗಲು ತಳದ ತುಕ್ಕು ಕೊರೆಸಿ ವೆಲ್ಡ್ ಮಾಡಿಸಬೇಕು, ಸಸ್ಪೆನ್ಷನ್ ಬದಲಿಸಬೇಕು, ಬಣ್ಣ ಹೊಡೆಸಬೇಕು. ಆ ಖರ್ಚು ತನ್ನ ಮೈಮೇಲೆ ಬರುವ ಮುಂಚೆ ಕೈಬಿಡೋಣ ಎಂದು ಮಾರುವವರು ಎಷ್ಟೋ ಮಂದಿ. ಪಾಸಾದರೆ ಮುಂದಿನ ಐದು ವರ್ಷ ಮತ್ತೆ ಯಾರೂ ನೋಡುವುದಿಲ್ಲ.

ಹಾಗಾದರೆ ತಪಾಸಣೆಯ ಚರಿತ್ರೆ ನಿಜವಾಗಿ ಇರುವುದು ಹಳದಿ ಬೋರ್ಡಿನ ಕಾರಿಗೆ. ಕೊಳ್ಳುವವರು ಹೆದರುವುದು ಮಾತ್ರ ಅದಕ್ಕೇ. ಹೆದರಿಕೆಗೆ ಕಾರಣವಿದೆ. 2013ರಲ್ಲಿ ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿಗೇ. ಓಲಾ ಆಗಲೇ ಇಲ್ಲಿತ್ತು. ನಮ್ಮ ಹೆಗ್ಗನಹಳ್ಳಿ, ಅಂದ್ರಹಳ್ಳಿ, ಲಗ್ಗೆರೆ ಬೀದಿಗಳಲ್ಲಿ ಸಾಲ ಮಾಡಿ ಕಾರು ತೆಗೆದು ಲಾಗಿನ್ ಆದವರನ್ನು ಲೆಕ್ಕ ಹಾಕುವುದು ಕಷ್ಟ. ಏರ್‌ಪೋರ್ಟಿಗೆ ದಿನಕ್ಕೆರಡು ಸಲ ಹೋಗಿ ಬರುವ ಟ್ಯಾಕ್ಸಿ ವರ್ಷಕ್ಕೆ ಐವತ್ತು ಅರವತ್ತು ಸಾವಿರ ಕಿಲೋಮೀಟರು ಓಡುತ್ತದೆ. ಮನೆಯ ಕಾರು ಹತ್ತು ಹನ್ನೆರಡು ಸಾವಿರ ಓಡಿದರೆ ಹೆಚ್ಚು. 2020ರ ಲಾಕ್‌ಡೌನಿನಲ್ಲಿ ಕಂತು ಕಟ್ಟಲಾರದೆ ಅನೇಕರು ಗಾಡಿ ಬಿಟ್ಟರು. ಪರ್ಮಿಟ್ಟು ಸರೆಂಡರ್ ಮಾಡಿ, ಬಾಕಿ ತೆರಿಗೆ ಕಟ್ಟಿ ಹಳದಿಯನ್ನು ಬಿಳಿ ಮಾಡಿಸುವುದು ಕಾನೂನುಬದ್ಧ ಕೆಲಸ, ಅದರಲ್ಲಿ ತಪ್ಪಿಲ್ಲ. ಬಿಳಿಯಾದ ಮೇಲೆ ಹಳದಿಯಾಗಿದ್ದ ಮಾತನ್ನು ಬಾಯಿ ಬಿಡದಿರುವುದು ತಪ್ಪು.

ಗುರುತು ಹಿಡಿಯಲು ದಾರಿಯಿದೆ. ಕರ್ನಾಟಕದಲ್ಲಿ ಸಾರಿಗೆ ವಾಹನಗಳ ನಂಬರಿನಲ್ಲಿ ಜಿಲ್ಲೆಯ ಅಂಕಿಯ ನಂತರದ ಅಕ್ಷರ ಎ, ಬಿ, ಸಿ, ಡಿಯಿಂದ ಶುರುವಾಗುತ್ತದೆ; ಖಾಸಗಿ ಕಾರಿನದು ಎಂ, ಎನ್, ಪಿ, ಝಡ್‌ನಿಂದ. ಬಿಳಿ ಪ್ಲೇಟಿನ ಮೇಲೆ ಎಬಿ ಎಂದೋ ಎಇ ಎಂದೋ ಕಂಡರೆ ಅಲ್ಲೇ ನಿಂತು ಕೇಳಬೇಕು. ಹಿಂದಿನ ಸೀಟು ಡ್ರೈವರ್ ಸೀಟಿಗಿಂತ ಹೆಚ್ಚು ಕುಸಿದಿದ್ದರೆ, ಪ್ಯಾನಿಕ್ ಬಟನ್ ಇದ್ದ ಜಾಗದಲ್ಲಿ ತೂತು ಮುಚ್ಚಿದ ಗುರುತಿದ್ದರೆ, ಎಡಗಡೆಯ ಹಿಂದಿನ ಬಾಗಿಲಿನ ಹಿಡಿ ಮಿಕ್ಕ ಮೂರಕ್ಕಿಂತ ಸವೆದಿದ್ದರೆ ಅದು ಬಾಡಿಗೆಗೆ ಓಡಿದ ಗಾಡಿ. ಹಾಗೆಂದು ಬಿಟ್ಟು ಬರಬೇಕೆಂದೇನೂ ಇಲ್ಲ. ತಾನೇ ಓಡಿಸಿ, ಹತ್ತು ಸಾವಿರಕ್ಕೊಮ್ಮೆ ತಪ್ಪದೆ ಆಯಿಲ್ ಬದಲಿಸಿದ ಡ್ರೈವರಿನ ಟ್ಯಾಕ್ಸಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ವರ್ಷ ನಿಂತ ಕಾರಿಗಿಂತ ವಾಸಿ. ಆದರೆ ಬೆಲೆ ಟ್ಯಾಕ್ಸಿಯದಾಗಿರಬೇಕು.

ನಾನೂ ಒಮ್ಮೆ ಪೆಟ್ಟು ತಿಂದವನೇ. ಮೀಟರಿನಲ್ಲಿ 41,000 ಇದ್ದ ಕಾರನ್ನು ಒಂದು ಯಾರ್ಡಿನಿಂದ ತಂದೆ. ನಾಲ್ಕನೇ ತಿಂಗಳು ಕ್ಲಚ್ ಹೋಯಿತು. ಕಂಪನಿ ಸರ್ವಿಸಿಗೆ ಬಿಟ್ಟಾಗ ಕೌಂಟರಿನಲ್ಲಿದ್ದ ಹುಡುಗಿ ನಂಬರು ಹಾಕಿ, ಸ್ವಲ್ಪ ಹೊತ್ತು ಪರದೆ ನೋಡಿ, "ಸಾರ್, ಎರಡು ವರ್ಷದ ಹಿಂದೆಯೇ ಇದು 96,000ಕ್ಕೆ ಬಂದಿತ್ತಲ್ಲ" ಅಂದಳು. ಆ ಕಂಪ್ಯೂಟರು ನಾನು ದುಡ್ಡು ಕೊಟ್ಟ ದಿನವೂ ಅಲ್ಲೇ ಇತ್ತು. ಕೇಳಿದ್ದರೆ ಹೇಳುತ್ತಿತ್ತು. ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಗಾಡಿಯ ಜಾತಕ ಇದ್ದೇ ಇರುತ್ತದೆ. ಒಂದೇ ಕಡೆ ಇಲ್ಲ, ಅಷ್ಟೆ. ಆರ್‌ಟಿಒ ಹತ್ತಿರ ಒಂದು ತುಂಡು, ಇನ್ಶೂರೆನ್ಸ್ ಕಂಪನಿ ಹತ್ತಿರ ಒಂದು, ಸರ್ವಿಸ್ ಸೆಂಟರಿನಲ್ಲಿ ಒಂದು, ಎಮಿಷನ್ ಮಾಡುವ ಪೆಟ್ರೋಲ್ ಬಂಕಿನಲ್ಲಿ ಒಂದು, ಬೀದಿ ಗ್ಯಾರೇಜಿನ ಮೇಸ್ತ್ರಿಯ ನೆನಪಿನಲ್ಲಿ ಒಂದು. ಕೊಳ್ಳುವವರೇ ಓಡಾಡಿ ಹೊಲಿದುಕೊಳ್ಳಬೇಕು.

ಮೊದಲ ತುಂಡು ಫೋನಿನಲ್ಲೇ ಸಿಗುತ್ತದೆ. ವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ನೋಂದಣಿ ತಾರೀಖು, ಇಂಧನ, ಎಷ್ಟನೇ ಮಾಲೀಕರು, ಸಾಲ ಕೊಟ್ಟ ಬ್ಯಾಂಕು, ಇನ್ಶೂರೆನ್ಸ್ ಮತ್ತು ಎಮಿಷನ್ ಮುಗಿಯುವ ದಿನ ಕಾಣುತ್ತವೆ. ಹಾಳೆಯಲ್ಲಿ ಸಿಂಗಲ್ ಓನರ್ ಎಂದಿದ್ದು ಇಲ್ಲಿ ಮೂರು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇದಕ್ಕಿಂತ ಆಳಕ್ಕೆ ಹೋಗಬೇಕಾದರೆ ನಮ್ಮ ರಾಜ್ಯದಲ್ಲಿ ಎಲ್ಲರೂ ಬಿ ಎಕ್ಸ್‌ಟ್ರಾಕ್ಟ್ ಎನ್ನುವ ನಕಲಿದೆ. ಆರ್‌ಟಿಒ ದಫ್ತರದಲ್ಲಿ ಆ ಗಾಡಿಯ ಹೆಸರಿನಲ್ಲಿರುವ ಪುಟ ಅದು. ಯಾರಿಂದ ಯಾರಿಗೆ ಹೋಯಿತು, ಸಾಲ ಯಾವಾಗ ಹತ್ತಿತು, ಯಾವಾಗ ಇಳಿಯಿತು, ತೆರಿಗೆ ಕಟ್ಟಿದ್ದೆಷ್ಟು, ಹಿಂದೆ ಯಾವ ವರ್ಗದ ವಾಹನವಾಗಿತ್ತು, ಎಲ್ಲ ಅದರಲ್ಲಿ ತಿಳಿಯುತ್ತದೆ. ಕೆಎ-02 ಆದರೆ ರಾಜಾಜಿನಗರ, ಕೆಎ-41 ಆದರೆ ಜ್ಞಾನಭಾರತಿ, ಕೆಎ-04 ಆದರೆ ಯಶವಂತಪುರ, ಕೆಎ-52 ಆದರೆ ನೆಲಮಂಗಲ. ನಮ್ಮವರು ಭೂಮಿ ಕೊಳ್ಳುವಾಗ ಪಹಣಿ, ಮ್ಯುಟೇಷನ್, ಋಣಭಾರ ಪತ್ರ ನೋಡದೆ ಅಡ್ವಾನ್ಸ್ ಕೊಡುವುದಿಲ್ಲ. ಕಾರಿನ ಋಣಭಾರ ಪತ್ರ ಬಿ ಎಕ್ಸ್‌ಟ್ರಾಕ್ಟು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ, ಫಾರಂ 35 ಎರಡೂ ಕೈಯಲ್ಲಿರಬೇಕು, ದಾಖಲೆಯಲ್ಲಿ ಎಚ್‌ಪಿ ಎಂಬ ಸಾಲದ ನಮೂದನ್ನು ತೆಗೆದಿರಬೇಕು.

ಗಾಡಿ ಕದ್ದದ್ದೋ ಎಂಬ ಅನುಮಾನಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ ಇದೆ. ನೋಂದಣಿ, ಎಂಜಿನ್, ಚಾಸಿ ನಂಬರು ಹಾಕಿ ನೋಡಬಹುದು. ಚಾಸಿ ನಂಬರನ್ನು ಕಾಗದದಲ್ಲಿ ಓದಿದರೆ ಸಾಲದು, ಲೋಹದ ಮೇಲೆ ಕೊರೆದದ್ದನ್ನೇ ಓದಬೇಕು. 17 ಅಕ್ಷರಗಳು. ಎಂಎ3 ಎಂದು ಶುರುವಾದರೆ ಮಾರುತಿ, ಎಂಎಎಲ್ ಆದರೆ ಹ್ಯುಂಡೈ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಬಂದದ್ದಾದರೆ ಎಂಬಿಜೆ. ಆ ಸಾಲಿನ ಸುತ್ತ ಗ್ರೈಂಡಿಂಗ್ ಗುರುತೋ ಹೊಸ ಬಣ್ಣವೋ ಕಂಡರೆ ಕೈ ಮುಗಿದು ಬನ್ನಿ.

ಇನ್ಶೂರೆನ್ಸ್ ಪಾಲಿಸಿಯನ್ನು ಜನ ತಾರೀಖಿಗಾಗಿ ನೋಡುತ್ತಾರೆ. ನಾನು ಮೊದಲು ನೋಡುವುದು ನೋ ಕ್ಲೈಮ್ ಬೋನಸ್ ಸಾಲನ್ನು. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 20 ಪರ್ಸೆಂಟು ರಿಯಾಯಿತಿ. ಹಾಗೇ ಮುಂದುವರಿದರೆ 25, 35, 45, ಐದನೇ ವರ್ಷಕ್ಕೆ 50. ಕ್ಲೈಮ್ ಆದ ವರ್ಷ ಸೊನ್ನೆಗೆ ಬರುತ್ತದೆ. ಏಳು ವರ್ಷದ ಕಾರಿನ ಪಾಲಿಸಿಯಲ್ಲಿ ಸೊನ್ನೆ ಇದ್ದರೆ ಹಿಂದಿನ ವರ್ಷ ಏನೋ ಆಗಿದೆ, ಇಲ್ಲವೇ ಪಾಲಿಸಿ 90 ದಿನಕ್ಕಿಂತ ಹೆಚ್ಚು ಕಾಲ ಸತ್ತಿತ್ತು. ಎರಡರ ಬಗ್ಗೆಯೂ ಕೇಳಬಹುದು. 50 ಇದ್ದರೆ ನೆಮ್ಮದಿ, ಆದರೆ ಪೂರ್ತಿ ಅಲ್ಲ. ಬೋನಸ್ಸು ಮಾಲೀಕರದು, ಕಾರಿನದಲ್ಲ. ಹಳೆಯ ಕಾರಿನಿಂದ ಈ ಕಾರಿಗೆ ತಂದುಕೊಂಡಿರಬಹುದು. ಜೊತೆಗೆ, ಬೋನಸ್ ಉಳಿಸಿಕೊಳ್ಳಲೆಂದೇ ಸಣ್ಣ ಪುಟ್ಟ ಹೊಡೆತಗಳನ್ನು ಬೀದಿಯಲ್ಲಿ ಟಿಂಕರಿಂಗ್ ಮಾಡಿಸಿಕೊಂಡವರು ಬಹಳ. ಅದಕ್ಕೆ ಒಂದು ವರ್ಷದ ಪಾಲಿಸಿ ಸಾಲದು, ಸಿಕ್ಕಷ್ಟು ಹಿಂದಿನ ಪಾಲಿಸಿಗಳನ್ನು ಸಾಲಾಗಿ ಇಟ್ಟು ಓದಬೇಕು.

ಇನ್ಶೂರೆನ್ಸಿನವರ ಹತ್ತಿರವೇ ಇರುವ ದೊಡ್ಡ ಗುಟ್ಟು ಟೋಟಲ್ ಲಾಸ್. ರಿಪೇರಿ ಖರ್ಚು ಗಾಡಿಯ ಘೋಷಿತ ಬೆಲೆಯ ಮುಕ್ಕಾಲು ಭಾಗ ದಾಟಿದರೆ ಕಂಪನಿ ಪೂರ್ತಿ ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತದೆ, ಜಜ್ಜಿಹೋದ ಗಾಡಿ ಸಾಲ್ವೇಜ್ ಎಂದು ಹರಾಜಾಗುತ್ತದೆ. ಅದರ ಆರ್‌ಸಿ ರದ್ದಾಗದೆ ಉಳಿದರೆ ಗಾಡಿ ಮತ್ತೆ ಎದ್ದು ಬರುತ್ತದೆ. ಕೆಲವು ಸಲ ಆ ಕಾಗದ ಕದ್ದ ಕಾರಿನ ಮೈಗೆ ಅಂಟಿಕೊಂಡೂ ಬರುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು, 2018ರ ಆಗಸ್ಟಿನಲ್ಲಿ ಕೊಡಗು, ಕೇರಳ. ನಮ್ಮ ಊರಲ್ಲೇ 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಚಾವಣಿ ಮಟ್ಟ ನೀರಲ್ಲಿ ನಿಂತಿದ್ದನ್ನು ಇಡೀ ದೇಶ ನೋಡಿತು. ಅವೆಲ್ಲ ಗುಜರಿಗೆ ಹೋದವೆಂದು ನಾನು ನಂಬುವುದಿಲ್ಲ. ನೀರು ಕುಡಿದ ಕಾರು ತೊಳೆದು ಒಣಗಿಸಿದ ಮೇಲೆ ಹೊಸದರಂತೆ ಹೊಳೆಯುತ್ತದೆ. ವೈರಿಂಗಿನೊಳಗಿನ ಹಸಿರು ತುಕ್ಕು ಆರು ತಿಂಗಳಾದ ಮೇಲೆ ಮಾತಾಡುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಎಷ್ಟೇ ತೊಳೆದರೂ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಹೊರರಾಜ್ಯದ ಗಾಡಿಯ ಬಗ್ಗೆ ಎರಡು ಮಾತು. ದೆಹಲಿ ಸೀಮೆಯಲ್ಲಿ ಡೀಸೆಲ್ ಕಾರಿಗೆ 10 ವರ್ಷ, ಪೆಟ್ರೋಲ್ ಕಾರಿಗೆ 15 ವರ್ಷ ಎಂಬ ನಿರ್ಬಂಧ ಹಸಿರು ನ್ಯಾಯಮಂಡಳಿಯಿಂದ ಬಂದು, 2018ರಲ್ಲಿ ಸುಪ್ರೀಂ ಕೋರ್ಟಿನ ಮುದ್ರೆಯನ್ನೂ ಪಡೆಯಿತು. ಅಲ್ಲಿ ಬೆಲೆ ಬಿದ್ದ ಕಾರುಗಳು ದಕ್ಷಿಣಕ್ಕೆ ಇಳಿದವು. ಅಗ್ಗ ಎನ್ನುವ ಮುಂಚೆ ಅಲ್ಲಿನ ಎನ್‌ಒಸಿ, ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸು, ಹೊಸ ನಂಬರಿನ ಖರ್ಚು ಎಲ್ಲ ಕೂಡಿಸಬೇಕು.

ಈಗ ಹೋದ ಆಷಾಢದಲ್ಲಿ ಕಣ್ಣಾರೆ ಕಂಡದ್ದು. ನಮ್ಮ ವಠಾರದ ಹುಡುಗ, ಪೀಣ್ಯ ಎರಡನೇ ಹಂತದಲ್ಲಿ ಕೆಲಸ, ಮದುವೆ ಗೊತ್ತಾಗಿತ್ತು. ಕೆಂಗೇರಿ ಕಡೆ ಒಂದು ಡೀಸೆಲ್ ಸೆಡಾನ್ ನೋಡಿದ್ದ. 2015ರ ಗಾಡಿ, ಮೀಟರಿನಲ್ಲಿ 68,000, ಬೆಲೆ ಮೂರೂವರೆ ಲಕ್ಷ. "ಅಣ್ಣ, ನೀವೊಂದ್ಸಲ ಬನ್ನಿ" ಎಂದ. ನಾನು ಸುಂಕದಕಟ್ಟೆಯ ನಮ್ಮ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಅವರು ಎಂಜಿನ್ ಸ್ಟಾರ್ಟ್ ಮಾಡಲೇ ಇಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. "ಬೆಚ್ಚಗಿದ್ದಿದ್ರೆ ನಾವು ಬರೋ ಮುಂಚೆ ಸ್ಟಾರ್ಟ್ ಮಾಡಿಟ್ಟಿದಾರೆ ಅಂತ" ಎಂದು ನಮಗೆ ಮಾತ್ರ ಕೇಳುವಂತೆ ಹೇಳಿದರು. ಆಮೇಲೆ ಒಂದೊಂದೇ ಬಾಗಿಲು ತೆಗೆದು ರಬ್ಬರ್ ಬೀಡಿಂಗನ್ನು ಬೆರಳಲ್ಲಿ ಎಳೆದರು. ಬಲಗಡೆ ಬೀಡಿಂಗ್ ಅಡಿಯಲ್ಲಿ ಕಂಪನಿಯ ಸ್ಪಾಟ್ ವೆಲ್ಡು, ಕಡಲೆ ಗಾತ್ರದ ಗುಂಡು ಗುರುತುಗಳು, ಅಳೆದಿಟ್ಟ ಹಾಗೆ ಸಾಲಾಗಿ. ಎಡಗಡೆ ಮುಂದಿನ ಕಂಬದಲ್ಲಿ ಆ ಸಾಲು ಒಂದು ಗೇಣು ಮಾಯ. ಅಲ್ಲಿ ನುಣ್ಣಗೆ ಪುಟ್ಟಿ. ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ಇಟ್ಟರು, ಜಾರಿ ಬಿತ್ತು.

ಎಡಗಡೆಯ ಗಾಜಿನ ಮೂಲೆಯ ಕಂಪನಿ ಗುರುತು ಮಿಕ್ಕ ಗಾಜುಗಳದಲ್ಲ. ಟೈರಿನ ಪಕ್ಕದ ನಾಲ್ಕಂಕಿ ಓದಿದರು. ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ 2023ರವು. ಟೈರು ಸಾಮಾನ್ಯವಾಗಿ ನಲವತ್ತು ಐವತ್ತು ಸಾವಿರಕ್ಕೆ ಬದಲಾಗುತ್ತದೆ, ಆದ್ದರಿಂದ ಅದು ಲೆಕ್ಕಕ್ಕೆ ಹೊಂದಬಹುದು ಎಂದುಕೊಂಡೆ. ಮೇಸ್ತ್ರಿ ಸ್ಟೆಪ್ನಿ ಎತ್ತಿಸಿದರು. ಅದು 2018ರದು, ಬೋಳಾಗಿತ್ತು. 2015ಕ್ಕೂ 2023ಕ್ಕೂ ನಡುವೆ ಇನ್ನೊಂದು ಜೊತೆ ಟೈರು ಈ ಕಾರಿನಲ್ಲಿ ಸವೆದಿದೆ ಎಂದಾಯಿತು. ಕೊನೆಗೆ ಕೀ ತಿರುಗಿಸಿದರು, ಸ್ಟಾರ್ಟ್ ಮಾಡದೆ. ಮೀಟರಿನಲ್ಲಿ ಎಲ್ಲ ದೀಪ ಹತ್ತಿದವು, ಏರ್‌ಬ್ಯಾಗಿನದೊಂದು ಬಿಟ್ಟು. ಸರಿಯಿರುವ ಕಾರಿನಲ್ಲಿ ಆ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಹತ್ತಲೇ ಇಲ್ಲವೆಂದರೆ ದೀಪವನ್ನೇ ಕಿತ್ತಿದ್ದಾರೆ. ಏರ್‌ಬ್ಯಾಗು ಯಾವತ್ತೋ ಬಿಚ್ಚಿಕೊಂಡಿದೆ, ಹೊಸದು ಹಾಕಿಸಿಲ್ಲ. ಇದಿಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಸ್ಕ್ಯಾನರ್ ಹಾಕಿ ಎಬಿಎಸ್ ಮಾಡ್ಯೂಲಿನಲ್ಲಿ ಉಳಿದ ಕಿಲೋಮೀಟರು ಓದೋಣ ಎಂದಾಗ ಮಾರುವವರಿಗೆ ಬೇರೆ ಕೆಲಸ ನೆನಪಾಯಿತು. ಆ ಕಾರಿನ ಆರ್‌ಸಿಯಲ್ಲಿ ಎಫ್‌ಸಿ 2030ರವರೆಗೆ ಇತ್ತು.

ಇಂಗ್ಲೆಂಡಿನಲ್ಲಿ ಈ ಇಪ್ಪತ್ತು ನಿಮಿಷದ ಬಹುಭಾಗ ಬೇಕಾಗುತ್ತಿರಲಿಲ್ಲ. ಅಲ್ಲಿ 1960ರಲ್ಲಿ ಸಾರಿಗೆ ಮಂತ್ರಿ ಅರ್ನೆಸ್ಟ್ ಮಾರ್ಪಲ್ಸ್ ಕಾಲದಲ್ಲಿ ಶುರುವಾದ ಎಂಒಟಿ ತಪಾಸಣೆ ಮೊದಲು ಹತ್ತು ವರ್ಷದ ಕಾರುಗಳಿಗಿತ್ತು, 1967ರಿಂದ ಮೂರು ವರ್ಷ ತುಂಬಿದ ಎಲ್ಲಕ್ಕೂ ಬಂತು, ಪ್ರತಿ ವರ್ಷ. ಯಾವ ಕಾರಿನ ನಂಬರನ್ನಾದರೂ ಸರ್ಕಾರದ ಜಾಲತಾಣದಲ್ಲಿ ಹಾಕಿದರೆ, ಯಾವ ವರ್ಷ ಪಾಸು, ಯಾವ ವರ್ಷ ಫೇಲು, ಯಾತಕ್ಕೆ ಫೇಲು, ಆ ದಿನ ಮೀಟರಿನಲ್ಲಿ ಎಷ್ಟಿತ್ತು ಎಂಬುದು ಕಾಸು ಕೊಡದೆ ತಿಳಿಯುತ್ತದೆ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ತಪಾಸಣೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪುಟ್ಟ ಬೆಲ್ಜಿಯಂ ಮಾಡಿದ್ದು. ಅಲ್ಲಿ ಕಾರನ್ನು ಮುಟ್ಟಿದ ಗ್ಯಾರೇಜಿನವರೆಲ್ಲ ಮೀಟರಿನ ಅಂಕಿಯನ್ನು ಒಂದು ಸಂಸ್ಥೆಗೆ ಕಳಿಸಬೇಕು, ಮಾರುವಾಗ ಆ ಪಟ್ಟಿಯನ್ನು ಕಾರ್-ಪಾಸ್ ಎಂಬ ಹೆಸರಿನಲ್ಲಿ ಕೊಳ್ಳುವವರ ಕೈಗೆ ಕೊಡಬೇಕು. 2006ರ ಕೊನೆಯಿಂದ ಇದು ಕಡ್ಡಾಯ. ಮೀಟರು ತಿರುಗಿಸುವ ಕಸುಬೇ ಅಲ್ಲಿ ಬಹುಮಟ್ಟಿಗೆ ನಿಂತುಹೋಯಿತು.

ಚರಿತ್ರೆ ಕಾಣದ ಪೇಟೆಯಲ್ಲಿ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳನ್ನೇ ಉದಾಹರಣೆಯಾಗಿಟ್ಟು ಬರೆದರು, 2001ರಲ್ಲಿ ನೊಬೆಲ್ ಹಂಚಿಕೊಂಡರು. ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ಎಲ್ಲಕ್ಕೂ ನಡುವಿನ ಬೆಲೆ ಹೇಳುತ್ತಾರೆ, ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಒಪ್ಪದೆ ಹಿಂದೆ ಸರಿಯುತ್ತಾರೆ, ಉಳಿಯುವುದು ಕೆಟ್ಟವೇ. ನಮ್ಮ ಬೀದಿಯಲ್ಲಿ ಇದನ್ನು ದಿನವೂ ಕಾಣಬಹುದು. ಚೆನ್ನಾಗಿ ಸಾಕಿದ ಕಾರು ಹಾಳೆ ಅಂಟಿಸಿಕೊಂಡು ನಿಲ್ಲುವುದೇ ಇಲ್ಲ. ಭಾವಮೈದುನನಿಗೋ ಅದೇ ಫ್ಯಾಕ್ಟರಿಯ ಗೆಳೆಯನಿಗೋ ಹೋಗಿಬಿಡುತ್ತದೆ. ನಂಟು ಇಲ್ಲದವರಿಗೆ ಸಿಗುವುದು ಮಿಕ್ಕಿದ್ದು. ಹೊಸದಾಗಿ ಊರಿಗೆ ಬಂದ, ಯಾರ ಪರಿಚಯವೂ ಇಲ್ಲದ ಮನೆಯವರೇ ಹೆಚ್ಚು ಏಟು ತಿನ್ನುವುದು ಅದಕ್ಕೇ.

ದೊಡ್ಡ ಕಂಪನಿಗಳು ಈಗ ಇನ್ನೂರು ಅಂಶ ನೋಡಿದ್ದೇವೆ ಎಂಬ ವರದಿ, ಜೊತೆಗೆ ವಾರಂಟಿ ಕೊಡುತ್ತವೆ. ಬೀದಿಯ ಬೆಲೆಗಿಂತ ಹೆಚ್ಚಾದರೂ ಆ ವಾರಂಟಿಗೆ ಬೆಲೆಯಿದೆ, ವರದಿಗಿಂತ ಅದನ್ನೇ ಮೊದಲು ಓದಬೇಕು. ಆದರೆ ಆ ತಪಾಸಣೆ ಮಾಡುವವರು, ಮಾರುವವರು ಒಬ್ಬರೇ ಎಂಬುದನ್ನು ಮರೆಯಬಾರದು. ಯಾರ್ಡುಗಳನ್ನು ಕಾನೂನಿನೊಳಕ್ಕೆ ತರಲು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ಮಾಡಿತು. 2023ರ ಏಪ್ರಿಲ್ 1ರಿಂದ ಜಾರಿ. ಹಳೇ ವಾಹನದ ಡೀಲರು ಐದು ವರ್ಷದ ಅಧಿಕಾರಪತ್ರ ಪಡೆಯಬೇಕು, ಗಾಡಿ ತನ್ನ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ತಿಳಿಸಬೇಕು, ಆ ಕ್ಷಣದಿಂದ ಜವಾಬ್ದಾರಿ ಅವರದು. ಹಾಗಾಗಿ ಯಾರ್ಡಿಗೆ ಹೋದವರು ಕೇಳಬೇಕಾದ ಮೊದಲ ಮಾತು, ನಿಮ್ಮ ಅಧಿಕಾರಪತ್ರ ತೋರಿಸಿ ಎಂದು.

ಕೊಂಡ ಮೇಲೆ ಟಿಓ, ಅಂದರೆ ಮಾಲೀಕತ್ವದ ವರ್ಗಾವಣೆ, ಮಾಡಿಸದೆ ಬಿಡುವುದು ನಮ್ಮಲ್ಲಿ ದೊಡ್ಡ ರೋಗ. ಫಾರಂ 29, 30ಕ್ಕೆ ಸಹಿ ಹಾಕಿಸಿ ಡ್ಯಾಶ್‌ಬೋರ್ಡಿನಲ್ಲಿಟ್ಟು ವರ್ಷಗಟ್ಟಲೆ ಓಡಿಸುತ್ತಾರೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು ಕಾಯ್ದೆಯ 50ನೇ ಕಲಮು ಹೇಳುತ್ತದೆ. 2007ರಲ್ಲಿ ಮಾರಿದ ಒಂದು ಕಾರು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಇನ್ನೂ ಮೊದಲನೆಯವರ ಹೆಸರಿತ್ತು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಆ ಮೊಕದ್ದಮೆಯಲ್ಲಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಪರಿಹಾರ ಕೊಡಬೇಕಾದವರು ನೋಂದಾಯಿತ ಮಾಲೀಕರೇ ಎಂದಿತು. ಇನ್ನು ದಂಡ. ಬೆಂಗಳೂರು ಸಂಚಾರ ಪೊಲೀಸರ ಆಸ್ತ್ರಂ ಆ್ಯಪಿನಲ್ಲಿ ನಂಬರು ಹಾಕಿದರೆ ಬಾಕಿ ದಂಡಗಳೆಲ್ಲ ಕಾಣುತ್ತವೆ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡ ಮಾಫಿ ಮಾಡಿದಾಗ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಮೇಲೆ ಬಂತೆಂದರೆ, ಎಷ್ಟು ಬಾಕಿ ನಮ್ಮ ಗಾಡಿಗಳ ಬೆನ್ನ ಮೇಲಿತ್ತೆಂದು ಯೋಚಿಸಿ. ದಂಡದ ಪಟ್ಟಿಯೂ ಒಂದು ಚರಿತ್ರೆಯೇ. ವಾರಕ್ಕೆ ಮೂರು ಸಲ ದೇವನಹಳ್ಳಿ ರಸ್ತೆಯಲ್ಲಿ ವೇಗದ ದಂಡ ಬಿದ್ದ ಕಾರು, ಮೇಷ್ಟ್ರು ಸ್ಕೂಲಿಗೆ ಮಾತ್ರ ಓಡಿಸಿದ ಕಾರಲ್ಲ.

ಇಷ್ಟೆಲ್ಲ ಓಡಾಟ ಕೊಳ್ಳುವವರ ತಲೆಗೇ ಯಾಕೆ? ಹಳದಿ ಬೋರ್ಡಿನ ತಪಾಸಣೆಯನ್ನು ಯಂತ್ರಗಳಿಗೆ ಒಪ್ಪಿಸುವ ಕೆಲಸ ನಡೆದಿದೆ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮ 2021ರಲ್ಲೇ ಬಂದಿತು. ರೋಲರಿನ ಮೇಲೆ ಬ್ರೇಕು ಅಳೆಯುವುದು, ಹೆಡ್‌ಲೈಟು, ಸಸ್ಪೆನ್ಷನ್, ಹೊಗೆ ಎಲ್ಲ ಯಂತ್ರವೇ ನೋಡಿ ಅಂಕಿ ಬರೆಯುತ್ತದೆ. ಬಿಳಿ ಬೋರ್ಡಿನ ಎಲ್ಲ ಕಾರುಗಳನ್ನೂ ಅಲ್ಲಿಗೆ ಎಳೆಯಿರಿ ಎಂದು ನಾನು ಹೇಳುತ್ತಿಲ್ಲ; ಅಷ್ಟು ಕೇಂದ್ರಗಳೂ ಇಲ್ಲ, ಬಡವರಿಗೆ ಮತ್ತೊಂದು ಸಾಲಿನಲ್ಲಿ ನಿಲ್ಲುವ ಶಿಕ್ಷೆಯೂ ಬೇಡ. ಆದರೆ ಕಾರು ಈಗಾಗಲೇ ವರ್ಷಕ್ಕೊಮ್ಮೆ ಹೋಗುವ ಜಾಗವೊಂದಿದೆ, ಎಮಿಷನ್ ಬೂತು. ಬಿಎಸ್-4, ಬಿಎಸ್-6 ಗಾಡಿಗಳಿಗೆ ಆ ಚೀಟಿ ಒಂದು ವರ್ಷಕ್ಕೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೆ. ದೇಶಕ್ಕೆಲ್ಲ ಒಂದೇ ಬಗೆಯ ಚೀಟಿ 2021ರಲ್ಲಿ ಬಂದಿದೆ, ಅದು ವಾಹನ್ ಜೊತೆ ಬೆಸೆದಿದೆ. ಬೂತಿನ ಹುಡುಗ ನಂಬರ್ ಪ್ಲೇಟಿನ ಫೋಟೋ ಹೇಗೂ ತೆಗೆಯುತ್ತಾನೆ. ಇನ್ನೊಂದು ಫೋಟೋ ಮೀಟರಿನದು ತೆಗೆದು, ಆ ಅಂಕಿಗಳ ಸಾಲನ್ನು ಕೊಳ್ಳುವವರಿಗೆ ಕಾಣುವಂತೆ ಬಿಟ್ಟರೆ ಬೆಲ್ಜಿಯಂ ಮಾಡಿದ್ದರ ಮುಕ್ಕಾಲು ಭಾಗ ಇಲ್ಲೇ ಆಗುತ್ತದೆ. ಇನ್ಶೂರೆನ್ಸಿನವರು ಟೋಟಲ್ ಲಾಸ್ ಎಂದು ದುಡ್ಡು ಕೊಟ್ಟ ಗಾಡಿಯ ನಂಬರಿನ ಎದುರು ಆ ಒಂದು ಮಾತನ್ನು ವಾಹನ್‌ನಲ್ಲಿ ಬರೆಸಿದರೆ ಮಿಕ್ಕದ್ದೂ ಆಗುತ್ತದೆ. ಎರಡಕ್ಕೂ ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ.

ವಠಾರದ ಹುಡುಗ ಕೆಂಗೇರಿಯ ಕಾರು ಬಿಟ್ಟ. ಎರಡು ತಿಂಗಳು ಬಿಟ್ಟು ಕಾಮಾಕ್ಷಿಪಾಳ್ಯದಲ್ಲಿ ನಿವೃತ್ತ ಫಿಟ್ಟರ್ ಒಬ್ಬರ 2013ರ ಸಣ್ಣ ಪೆಟ್ರೋಲ್ ಕಾರು ಸಿಕ್ಕಿತು. ಮೀಟರಿನಲ್ಲಿ 83,000. ಬೆಲೆ ಅದೇ ವರ್ಷದ ಬೇರೆ ಕಾರುಗಳಿಗಿಂತ ಇಪ್ಪತ್ತೈದು ಸಾವಿರ ಹೆಚ್ಚು, ಒಂದು ರೂಪಾಯಿ ಇಳಿಯಲಿಲ್ಲ. ಮೇಸ್ತ್ರಿ ಬೀಡಿಂಗ್ ಎಳೆದು ನೋಡಿದರು, ನಾಲ್ಕೂ ಕಡೆ ಸಾಲು ಸರಿಯಿತ್ತು. ಯಜಮಾನರು ಒಳಗೆ ಹೋಗಿ ಎಲ್‌ಐಸಿ ಡೈರಿಯೊಂದನ್ನು ತಂದರು. 2013ರಿಂದ ಹಾಕಿದ ಪ್ರತಿ ಆಯಿಲ್ಲು, ಪ್ರತಿ ಬ್ಯಾಟರಿ, ಬ್ರೇಕ್ ಪ್ಯಾಡು, ಒಮ್ಮೆ ಆಟೋ ಗುದ್ದಿ ಬಂಪರ್ ಬದಲಿಸಿದ್ದು, ತಾರೀಖು, ಕಿಲೋಮೀಟರು, ಕೊಟ್ಟ ದುಡ್ಡು, ಎಲ್ಲ ನೀಲಿ ಇಂಕಿನಲ್ಲಿ ಕನ್ನಡದಲ್ಲಿ. ಬಿಲ್ಲುಗಳು ಅದೇ ಪುಟಕ್ಕೆ ಪಿನ್ನು ಹೊಡೆದಿದ್ದವು. ಹುಡುಗ ದುಡ್ಡು ಎಣಿಸಿ ಕೊಟ್ಟ. ಕೀ ಕೊಟ್ಟ ಮೇಲೆ ಯಜಮಾನರು ಡೈರಿಯನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ, "ಇದೂ ಗಾಡೀದೇ ಅಲ್ವೇನಪ್ಪ" ಎಂದು ಮುಂದಿನ ಸೀಟಿನ ಮೇಲಿಟ್ಟರು.